ಮೀನಂಗಡಿಯ ಹಿಂದಿನ ಬಾಗಿಲು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ಇಂಟರ್ನೆಟ್ಟಿಗೆ ಹಾಕಿದ ತಡೆ ದಾಟುವುದು. ಹಾಗಾಗಿ ಪ್ರಿಂಟರ್, ಪಾಸ್‌ವರ್ಡ್ ಕುರಿತ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಅಕ್ಕ ಚೀನಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅಲ್ಲಿ ವಾಟ್ಸ್ಆ್ಯಪ್, ಗೂಗಲ್ ಯಾವುದೂ ಬರುವುದಿಲ್ಲ. ತಡೆ ದಾಟಲು ದುಡ್ಡು ಕೊಟ್ಟು ತಗೊಂಡ ವಿಪಿಎನ್ ಆಗಾಗ ಕೈಕೊಡುತ್ತದೆ. ಆಯಿ ದಿನಾ ಸಂಜೆ ಫೋನ್ ಹಿಡಿದು ಕೂತಿರುತ್ತಾಳೆ. ಬೇರೆ ಎಲ್ಲ ಸಂಪರ್ಕವನ್ನೂ ಎಚ್‌ಟಿಟಿಪಿ (ವೆಬ್‌ಪುಟ ತರಿಸುವ ಮಾಮೂಲಿ ಪದ್ಧತಿ) ಒಳಗೆ ತುಂಬಿ ಕಳಿಸುವ ಸರ್ವರ್ ಕಟ್ಟಿದರೆ ಯಾರೂ ತಡೆಯಲಾರರು ಎಂದು ಓದಿದೆ. ಅದನ್ನೇ ಕೊನೆ ವರ್ಷದ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಮನೆಯ ಫೈಬರ್ ಸಂಪರ್ಕ ಸಾಕೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿರಸಿ ತಾಲ್ಲೂಕು

ಉತ್ತರ: ತಮ್ಮಾ, ಆಯಿ ಫೋನ್ ಹಿಡಿದು ಕೂತಿರುತ್ತಾಳೆ ಎಂದು ಬರೆದೆಯಲ್ಲ, ಅಲ್ಲೇ ನನ್ನ ಕಣ್ಣು ನಿಂತಿತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಮೊದಲು ‘ಯಾರೂ ತಡೆಯಲಾರರು’ ಅನ್ನೋ ಮಾತನ್ನು ತಲೆಯಿಂದ ತೆಗೆದುಹಾಕು.

ಕಾರವಾರದಿಂದ ಗೋವಾ ಕಡೆ ಹೋಗಿದ್ದರೆ ಮಾಜಾಳಿಯ ಚೆಕ್‌ಪೋಸ್ಟ್ ನೋಡಿರುತ್ತೀಯ. ಅಲ್ಲಿಗೆ ಒಂದು ಮೀನಿನ ಲಾರಿ ಬಂತು ಅಂತಿಟ್ಟುಕೋ. ಒಂದೊಂದೇ ಪೆಟ್ಟಿಗೆ ಇಳಿಸಿ, ಐಸ್ ಕೆದಕಿ, ಬಂಗಡೆ ಎಣಿಸುತ್ತ ಕೂತರೆ ಮೀನು ಕೆಡುತ್ತದೆ. ಹಿಂದೆ ಗಾಡಿಗಳ ಸಾಲು ಬೆಳೆಯುತ್ತದೆ. ಎಲ್ಲ ಲಾರಿಗೂ ಹಾಗೆ ಮಾಡಲು ಯಾರಿಂದಲೂ ಆಗದು. ಹೊರಗಿನಿಂದಲೇ ನೋಡಿ ಬಿಡಬೇಕು. ಇಂಟರ್ನೆಟ್ಟಿನಲ್ಲಿ ಈ ಮೀನಿನ ಲಾರಿಯೇ ಎಚ್‌ಟಿಟಿಪಿ. ಬ್ಯಾಂಕು, ರೈಲು ಟಿಕೆಟ್, ಪತ್ರಿಕೆ, ಆಸ್ಪತ್ರೆ ಎಲ್ಲ ಓಡುವುದು ಅದರ ಮೇಲೆ. ಅದು ಹೋಗಿಬರುವ ಬಾಗಿಲುಗಳಾದ 80 ಮತ್ತು 443ನೇ ಪೋರ್ಟ್ ಮುಚ್ಚಿದರೆ ಮುಚ್ಚಿದವರ ಮನೆಯ ವ್ಯವಹಾರವೂ ನಿಲ್ಲುತ್ತದೆ. ತಡೆಯಬೇಕಾದ ಮಾತನ್ನು ಆ ಲಾರಿಯಲ್ಲೇ ಕಳಿಸೋಣ ಎನ್ನುವುದು ಹಳೆಯ ಉಪಾಯ. 2002ರಲ್ಲೇ ಅಮೆರಿಕದ ಎಂಐಟಿಯವರು ಇನ್‌ಫ್ರಾನೆಟ್ ಎಂಬ ಪದ್ಧತಿ ಮಾಡಿ ತೋರಿಸಿದ್ದರು. ಸಾಮಾನ್ಯ ಸೈಟಿನಲ್ಲಿ ಯಾವ ಪುಟದ ನಂತರ ಯಾವ ಪುಟ ಕೇಳುತ್ತೀರಿ ಎಂಬ ಅನುಕ್ರಮದಲ್ಲೇ ಕೋರಿಕೆ ಅಡಗಿರುತ್ತಿತ್ತು. ಉತ್ತರ ಚಿತ್ರಗಳ ಒಳಗೆ ಅಡಗಿ ಬರುತ್ತಿತ್ತು. ಬಹಳ ನಿಧಾನ, ಆದರೆ ಎಷ್ಟು ಚೆಂದದ ಯೋಚನೆ ನೋಡು.

ನಡುವೆ ಬೇರೆ ದಾರಿಯೂ ಬಂತು. ಎಲ್ಲವನ್ನೂ ಗೂಢಲಿಪಿ ಮಾಡಿ, ತಲೆಬುಡ ತಿಳಿಯದ ಬೈಟುಗಳನ್ನು ಕಳಿಸಿದರೆ ಇದು ಏನೆಂದೇ ಗೊತ್ತಾಗುವುದಿಲ್ಲ ಎಂಬ ಲೆಕ್ಕಾಚಾರ. 2012ರಲ್ಲಿ ಬಂದ ಶ್ಯಾಡೋಸಾಕ್ಸ್ ಹಾಗೆ ಹುಟ್ಟಿದ್ದು. ಕೆಲವು ವರ್ಷ ನಡೆಯಿತು. 2021ರ ನವೆಂಬರಿನಲ್ಲಿ ಚೀನಾದ ಗೋಡೆ, ಅಂದರೆ ಅಲ್ಲಿನ ಸರಕಾರದ ಇಂಟರ್ನೆಟ್ ತಡೆ ವ್ಯವಸ್ಥೆ, ಇದಕ್ಕೆ ಒಂದು ಅಳತೆಗೋಲು ಹಿಡಿದು ನಿಂತಿತು. ಸಂಪರ್ಕದ ಮೊದಲ ಪ್ಯಾಕೆಟ್ಟಿನಲ್ಲಿ (ಮಾಹಿತಿಯ ಮೊದಲ ತುಂಡಿನಲ್ಲಿ) ಬೈಟಿಗೆ ಸರಾಸರಿ ಎಷ್ಟು ‘ಒಂದು’ಗಳಿವೆ ಎಂದು ಎಣಿಸುತ್ತಿತ್ತು. ಬೈಟಿನಲ್ಲಿ ಇರೋದು ಎಂಟು ಬಿಟ್, ಪ್ರತಿಯೊಂದೂ ಸೊನ್ನೆ ಅಥವಾ ಒಂದು. ಗೂಢಲಿಪಿಯಲ್ಲಿ ಅರ್ಧಕ್ಕರ್ಧ, ಅಂದರೆ ಸುಮಾರು ನಾಲ್ಕು ಒಂದುಗಳು. ಸರಾಸರಿ 3.4ಕ್ಕೂ 4.6ಕ್ಕೂ ನಡುವೆ ಬಂದರೆ ಅನುಮಾನ. ಮೊದಲ ಆರು ಬೈಟು ಓದಬಲ್ಲ ಅಕ್ಷರಗಳಾಗಿದ್ದರೆ, ಅಥವಾ ಶುರುವೇ ಎಚ್‌ಟಿಟಿಪಿ ಇಲ್ಲವೇ ಅದಕ್ಕೆ ಬೀಗ ಹಾಕುವ ಟಿಎಲ್‌ಎಸ್ ಥರ ಇದ್ದರೆ ಬಿಟ್ಟುಬಿಡುತ್ತಿತ್ತು. 2023ರಲ್ಲಿ ಸಂಶೋಧಕರು ಇದನ್ನೆಲ್ಲ ಬಿಡಿಸಿ ಪ್ರಕಟಿಸಿದರು. ಮುಖ ಮುಚ್ಚಿಕೊಂಡು ಹೋಗುವವನ ಮೇಲೆಯೇ ಕಣ್ಣು ಬೀಳುವುದು, ಅಲ್ವಾ? ಅದಕ್ಕೇ ಜನ ಮತ್ತೆ ಮೀನಿನ ಲಾರಿಗೆ ಬಂದರು.

ನಿನ್ನ ಪ್ರಾಜೆಕ್ಟಿನ ನಿಜವಾದ ಕಷ್ಟ ಇಲ್ಲಿಂದ ಮುಂದಿದೆ. ಚೆಕ್‌ಪೋಸ್ಟಿನವರಿಗೆ ಲಾರಿಯ ಮೇಲೆ ಅನುಮಾನ ಬಂತು, ಆದರೆ ತಡೆಯಲಿಲ್ಲ. ಬಿಲ್ಲಿನಲ್ಲಿದ್ದ ಅಂಗಡಿಗೇ ಹೋಗಿ ‘ಒಂದು ಕೆಜಿ ಬಂಗಡೆ ಕೊಡಿ’ ಎಂದು ಕೇಳಿದರು. ಅಂಗಡಿಯಲ್ಲಿ ಮೀನೇ ಇಲ್ಲದಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಗೋಡೆ ಮಾಡುವುದೂ ಇದನ್ನೇ. ಅನುಮಾನ ಬಂದ ವಿಳಾಸಕ್ಕೆ ತಾನೇ ಹೋಗಿ ಬಾಗಿಲು ತಟ್ಟುತ್ತದೆ. ಗುರುತು ಮರೆಸುವ ಟಾರ್ ಜಾಲಕ್ಕೆ ಗುಟ್ಟಾಗಿ ಸೇರಿಸುವ ಸರ್ವರುಗಳನ್ನು, ಅಂದರೆ ಅದರ ಸೇತುವೆಗಳನ್ನು, ಚೀನಾ ಹೀಗೆ ಹುಡುಕುತ್ತಿದೆ ಎಂದು 2012ರಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಇಬ್ಬರು ತೋರಿಸಿಕೊಟ್ಟರು. ಆದ್ದರಿಂದ ನೀನು ಮೊದಲು ಕಟ್ಟಬೇಕಾದದ್ದು ಮಾತನ್ನು ಅಡಗಿಸಿ ಸಾಗಿಸುವ ಸುರಂಗ ಅಲ್ಲ ತಮ್ಮಾ, ಅಂಗಡಿ. ನಿಜವಾದ ಅಂಗಡಿ, ಯಾರು ಬಂದರೂ ಮೀನು ಸಿಗಬೇಕು. ಸುರಂಗ ಅದರ ಹಿಂದಿನ ಬಾಗಿಲು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನನ್ನ ತಂಗಿಯ ಮಗ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಬಂದರಿಗೆ ತಕ್ಕಂತೆ ಒಂದೊಂದು ಆ್ಯಪ್ ನಿಲ್ಲುತ್ತಿತ್ತು. ಅವನಿಗೋಸ್ಕರ ಮೂರು ಮಳೆಗಾಲದ ಹಿಂದೆ ಕೋಡಿಬಾಗದ ನಮ್ಮ ಮನೆಯಲ್ಲಿ ಕೂತು ಒಂದು ಸರ್ವರ್ ಕಟ್ಟಿದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂ ಮುಂದೆ, ಸುರಂಗದ ಪ್ರೋಗ್ರಾಂ ಹಿಂದೆ, ನಡುವೆ ವೆಬ್‌ಸಾಕೆಟ್. ವೆಬ್‌ಸಾಕೆಟ್ ಗೊತ್ತಿರಬೇಕು ನಿನಗೆ, 2011ರಲ್ಲಿ ಮಾನದಂಡವಾಯಿತು. ಬ್ರೌಸರ್ ಮಾಮೂಲಿ ಕೋರಿಕೆಯನ್ನೇ ಕಳಿಸಿ, ಜತೆಗೆ ‘ಅಪ್‌ಗ್ರೇಡ್’ ಎಂಬ ಒಂದು ಹೆಡರ್ ಸೇರಿಸುತ್ತದೆ. ಸರ್ವರ್ 101, ಅಂದರೆ ‘ಒಪ್ಪಿದೆ, ಬದಲಿಸೋಣ’ ಎಂದು ಉತ್ತರಿಸುತ್ತದೆ. ಅಲ್ಲಿಂದ ಆಚೆ ಆ ಸಂಪರ್ಕ ಎರಡೂ ಕಡೆ ತೆರೆದ ಕೊಳವೆ. ಅದಕ್ಕಿಂತ ಹಿಂದೆ ಗ್ನು ಎಚ್‌ಟಿಟಿಪಿಟನಲ್ ಥರದ ಸಾಧನಗಳು ಕಳಿಸಲು ಒಂದು ಕೋರಿಕೆ, ಪಡೆಯಲು ಇನ್ನೊಂದು ಎಂದು ಜೋಡಿ ಕಟ್ಟಿ ಒದ್ದಾಡಬೇಕಿತ್ತು.

ಮೊದಲ ದಿನವೇ ಸಂಪರ್ಕ ಸಿಕ್ಕಿತು. ಹುಡುಗ ಅಲ್ಲಿಂದ ‘ಮಾವಶಿ, ಬಂತು’ ಎಂದ. ಸ್ವಲ್ಪ ಹೊತ್ತಿಗೆ ‘ಹೋಯ್ತು’ ಎಂದ. ಮತ್ತೆ ಬಂತು, ಮತ್ತೆ ಹೋಯ್ತು. ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ಯುಪಿಎಸ್ ಕುಂಯ್ಗುಡುತ್ತಿತ್ತು. ಮಳೆಗೆ ನಮ್ಮ ಲೈನೇ ಹಾಳಾಗಿದೆ ಅಂದುಕೊಂಡೆ. ಆಮೇಲೆ ಅವನೇ ಹೇಳಿದ, ‘ಮಾವಶಿ, ನಾನು ಏನಾದರೂ ಟೈಪ್ ಮಾಡ್ತಾ ಇದ್ದರೆ ಹೋಗೋದಿಲ್ಲ, ಸುಮ್ನೆ ಕೂತರೆ ಹೋಗ್ತದೆ.’ ಗೋಡೆ ಗಡಿಯಾರ ನೋಡುತ್ತ ಕೂತೆ. ಸರಿಯಾಗಿ ಅರವತ್ತು ಸೆಕೆಂಡ್. ಹಿಂದಿನ ಪ್ರೋಗ್ರಾಮಿನಿಂದ ಅರವತ್ತು ಸೆಕೆಂಡ್ ಏನೂ ಬರದಿದ್ದರೆ ಎಂಜಿನ್‌ಎಕ್ಸ್ ತಾನಾಗಿಯೇ ಸಂಪರ್ಕ ಕಡಿಯುತ್ತದೆ. ಅದರ ಓದುವ ಕಾಲಮಿತಿ ಇಟ್ಟಿರುವುದೇ ಅಷ್ಟು. ಇಪ್ಪತ್ತೈದು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನುವ ಒಂದು ಚಿಕ್ಕ ಪಿಂಗ್ ಕಳಿಸುವಂತೆ ಮಾಡಿದೆ. ಕಡಿಯುವುದು ನಿಂತಿತು. ಮೂರು ದಿನ ಮಳೆಯನ್ನು ಬೈದಿದ್ದೆ.

ಖುಷಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಸೈಟಿನ ವಿಳಾಸ ಕೊಟ್ಟು, ‘ಗೋಡೆಯವನು ನೀನು ಅಂತಿಟ್ಟುಕೋ, ಬಾಗಿಲು ತಟ್ಟಿ ನೋಡು’ ಎಂದೆ. ಐದು ನಿಮಿಷ ಸಾಕಾಯಿತು ಅವನಿಗೆ. ಮೊದಲನೆಯದು, ನನ್ನ ಸೈಟಿನ ಮುಖಪುಟದಲ್ಲಿ ಎಂಜಿನ್‌ಎಕ್ಸ್ ಜತೆ ಬರುವ ಸ್ವಾಗತದ ಪುಟವೇ ಇತ್ತು. ಖಾಲಿ ಅಂಗಡಿ. ಅಂಥ ಪುಟದಿಂದ ಯಾರಾದರೂ ದಿನಾ ನೂರಾರು ಎಂಬಿ ಇಳಿಸುತ್ತಾರೆಯೇ? ಎರಡನೆಯದು ಇನ್ನೂ ಕೆಟ್ಟದ್ದು. ಹಿಂದಿನ ಬಾಗಿಲಿನ ಹೆಸರನ್ನು ಬರೀ ‘ಡಬ್ಲ್ಯುಎಸ್’ ಎಂಬ ಎರಡು ಅಕ್ಷರ ಇಟ್ಟಿದ್ದೆ. ಅವನು ಎಲ್ಲರೂ ಇಡುವ ಹತ್ತಾರು ಹೆಸರುಗಳನ್ನು ಒಂದೊಂದಾಗಿ ಕೇಳುತ್ತ ಹೋಗಿದ್ದಾನೆ. ಎಲ್ಲದಕ್ಕೂ 404, ಅಂದರೆ ‘ಅಂಥ ಪುಟ ಇಲ್ಲ’. ಇದೊಂದಕ್ಕೆ ಮಾತ್ರ 400, ‘ಬ್ಯಾಡ್ ರಿಕ್ವೆಸ್ಟ್’. ಎಂಜಿನ್‌ಎಕ್ಸ್ ಕೊಡುವ ಪುಟದಂತೆ ಅಲ್ಲ, ಬೇರೆ ಧಾಟಿಯ ಉತ್ತರ. ಅಂದರೆ ಅಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂದಾಯಿತು. ಇಲ್ಲ ಎನ್ನುವುದರಲ್ಲೂ ಎಲ್ಲ ಕಡೆ ಒಂದೇ ದನಿ ಇರಬೇಕು ಎಂದು ಆವತ್ತು ತಿಳಿಯಿತು.

ಆಮೇಲೆ ಅಂಗಡಿ ಕಟ್ಟಲು ಕೂತೆ. ಕಾರವಾರ ಪೇಟೆಯಲ್ಲಿ ಸಿಗುವ ಮೀನುಗಳ ಫೋಟೊ, ಪ್ರತಿಯೊಂದಕ್ಕೂ ಕನ್ನಡದ ಹೆಸರು, ಕೊಂಕಣಿ ಹೆಸರು. ಬಂಗಡೆಗೆ ಬಾಂಗ್ಡೊ, ತಾರ್ಲಿಗೆ ತಾರ್ಲೊ ಅಂತ. ಹೆಸರು ಹೇಳಿದ್ದು ನಮ್ಮ ಅತ್ತೆ. ಒಂದೇ ಮೀನಿಗೆ ಅಂಕೋಲೆಯಲ್ಲಿ ಒಂದು, ಇಲ್ಲಿ ಒಂದು ಹೆಸರು ಇದ್ದರೆ ಎರಡನ್ನೂ ಬರೆಸುತ್ತಿದ್ದರು. ಈಗ ನಿಜವಾಗಿಯೂ ಜನ ಬಂದು ನೋಡುತ್ತಾರೆ. ಹಿಂದಿನ ಬಾಗಿಲಿಗೆ ಕಂಪ್ಯೂಟರೇ ಎಸೆದ ಮೂವತ್ತೆರಡು ಅಕ್ಷರದ ಹೆಸರಿದೆ. ಹೆಸರು ಸರಿಯಿದ್ದು ಕೀಲಿ ತಪ್ಪಿದರೂ ಮಾಮೂಲಿ 404 ಪುಟವೇ ಬರುತ್ತದೆ. ಇದೇ ಯೋಚನೆಯನ್ನು 2020ರಲ್ಲಿ ಎಚ್‌ಟಿಟಿಪಿಟಿ ಎಂಬ ಸಂಶೋಧನಾ ಲೇಖನದಲ್ಲಿ ಚೆನ್ನಾಗಿ ಬರೆದಿದ್ದಾರೆ. ಅದರಿಂದ ಸ್ಫೂರ್ತಿ ಪಡೆದು ಟಾರ್ ಯೋಜನೆಯವರು 2024ರ ಮಾರ್ಚ್‌ನಲ್ಲಿ ವೆಬ್‌ಟನಲ್ ಎಂಬ ಸೇತುವೆಯನ್ನು ಎಲ್ಲರಿಗೂ ಬಿಟ್ಟರು. ನಿನ್ನ ಗೈಡ್‌ಗೆ ಇವೆರಡನ್ನೂ ತೋರಿಸು.

ಮನೆಯ ಫೈಬರ್ ಸಾಕೇ ಎಂದು ಕೇಳಿದ್ದೀಯ. ಬಹುಶಃ ಸಾಲದು. ರೂಟರಿನ ಪುಟ ತೆಗೆದು ಹೊರಗಿನ ಐಪಿ ವಿಳಾಸ ನೋಡು. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿನಗೆ ಸ್ವಂತ ವಿಳಾಸವೇ ಇಲ್ಲ, ನೂರಾರು ಮನೆಗಳ ಜತೆ ಹಂಚಿಕೊಂಡಿದ್ದೀಯ ಎಂದರ್ಥ. ಹೊರಗಿನವರು ನಿನ್ನ ಬಾಗಿಲಿಗೆ ಬರಲು ದಾರಿಯೇ ಇರುವುದಿಲ್ಲ. ಬಾಡಿಗೆ ಸರ್ವರ್ ತಗೋ. ನನ್ನದಕ್ಕೆ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಆಗುತ್ತದೆ. ಟಿಎಲ್‌ಎಸ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನವರಿಂದ ಪುಕ್ಕಟೆ ಸಿಗುತ್ತದೆ. ಆದರೆ ಪ್ರಮಾಣಪತ್ರ ಪಡೆದ ಪ್ರತಿ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಡೊಮೇನ್ ಹೆಸರಿನಲ್ಲಿ ‘ವಿಪಿಎನ್’, ‘ಪ್ರಾಕ್ಸಿ’ ಎಂದೆಲ್ಲ ಬರೆದು ನೀನೇ ಬೋರ್ಡು ಹಾಕಬೇಡ. ಬೀಗ ಹಾಕದ ಸರ್ವರನ್ನು ಒಂದು ರಾತ್ರಿಯೂ ಬಿಡಬೇಡ. ಒಮ್ಮೆ ಪರೀಕ್ಷೆಗೆಂದು ಕೀಲಿ ತೆಗೆದಿಟ್ಟು ಮಲಗಿದ್ದೆ. ಬೆಳಗ್ಗೆ ಎದ್ದು ಲಾಗ್ ನೋಡಿದರೆ ಗುರುತೇ ಇಲ್ಲದ ವಿಳಾಸಗಳಿಂದ ಸಾಲು ಸಾಲು ಕೋರಿಕೆ. ನನ್ನ ಹೆಸರಿನ ಸರ್ವರಿನಿಂದ ಯಾರು ಯಾರಿಗೆ ಏನು ಕಳಿಸಿದರೋ ಎಂದು ಎದೆ ಹೊಡೆದುಕೊಂಡಿತು. ಆವತ್ತೇ ಆ ಯಂತ್ರ ಅಳಿಸಿ ಹೊಸದಾಗಿ ಕಟ್ಟಿದೆ.

ಇಷ್ಟು ಮಾಡಿದರೂ ಪೂರ್ತಿ ಮರೆಯಾಗುವುದಿಲ್ಲ. ನಿನ್ನ ಪ್ರೋಗ್ರಾಂ ಗೋ ಭಾಷೆಯಲ್ಲಿದ್ದರೆ ಅದು ಟಿಎಲ್‌ಎಸ್ ಸಂಪರ್ಕ ಶುರು ಮಾಡುವ ರೀತಿಯೇ ಕ್ರೋಮ್ ಬ್ರೌಸರಿಗಿಂತ ಬೇರೆ. ನೋಡುವವರಿಗೆ ಗೊತ್ತಾಗುತ್ತದೆ. ಯುಟಿಎಲ್‌ಎಸ್ ಎಂಬ ಲೈಬ್ರರಿ ಬ್ರೌಸರಿನ ಧಾಟಿಯನ್ನು ಅನುಕರಿಸುತ್ತದೆ. ಸುರಂಗದ ಒಳಗೆ ಇನ್ನೊಂದು ಎಚ್‌ಟಿಟಿಪಿಎಸ್ ಸಂಪರ್ಕ ಶುರುವಾದಾಗ ಮೊದಲ ಕೆಲವು ಪ್ಯಾಕೆಟ್ಟುಗಳ ಗಾತ್ರ, ದಿಕ್ಕು ನೋಡಿಯೇ ಹಿಡಿಯಬಹುದೆಂದು 2024ರಲ್ಲಿ ತೋರಿಸಿದ್ದಾರೆ. ಹಿಡಿಯಲು ಒಳಗಿನ ಮಾತು ಓದಬೇಕಾಗಿಯೇ ಇಲ್ಲ. ಪ್ರಾಜೆಕ್ಟಿನಲ್ಲಿ ಒಂದು ಅಧ್ಯಾಯ ಇದಕ್ಕೇ ಇಡು. ನಿನ್ನದೇ ಸರ್ವರನ್ನು ಗೆಳೆಯನೊಬ್ಬ ಹೊರಗಿನಿಂದ ಹಿಡಿಯಲು ಯತ್ನಿಸಲಿ. ಅವನು ಹೇಗೆ ಹಿಡಿದ ಎಂದು ಬರೆ. ಓಡುವ ಕೋಡಿಗಿಂತ ಆ ಅಧ್ಯಾಯಕ್ಕೇ ನಾನಾದರೆ ಜಾಸ್ತಿ ಅಂಕ ಕೊಡುತ್ತೇನೆ.

ಈಗ ಅಕ್ಕನ ವಿಷಯ. ನೀನು ಕಟ್ಟಿದ ಮೊದಲ ಸರ್ವರನ್ನು ಅವಳ ಕೈಗೆ ಕೊಡಬೇಡ. ತಪ್ಪಾದರೆ ನಿನಗೆ ಒಂದು ರಾತ್ರಿ ನಿದ್ದೆ ಹೋಗಬಹುದು, ಅವಳಿಗೆ ಹೋಗುವುದು ಎಂಬಿಬಿಎಸ್ ಸೀಟು. ಪರವಾನಗಿ ಇಲ್ಲದೆ ವಿಪಿಎನ್ ಮಾರಿದ್ದಕ್ಕೆ 2017ರಲ್ಲಿ ಗುವಾಂಗ್ಷಿ ಪ್ರದೇಶದ ಒಬ್ಬನಿಗೆ ಐದೂವರೆ ವರ್ಷ ಜೈಲಾಯಿತು. ಅಕ್ಕ ಮಾರುವವಳಲ್ಲ ನಿಜ. ಆದರೂ ಅದು ಅವಳಿರುವ ಊರು, ಅವಳಿಗೆ ಗೊತ್ತಿರುವ ಜನ. ತೀರ್ಮಾನ ಅವಳೇ ಮಾಡಲಿ, ನೀನು ಒತ್ತಾಯಿಸಬೇಡ. ಊರಿನ ಸಿಮ್ ಅವಳ ಹತ್ತಿರ ಇದ್ದರೆ ರೋಮಿಂಗ್ ಹಾಕಿಸಿ. ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ಜಾಲಕ್ಕೇ ಬಂದು ಅಲ್ಲಿಂದ ಹೊರಗೆ ಹೋಗುತ್ತದೆ. ಹಾಗಾಗಿ ಗೋಡೆಯ ತಡೆ ಅದಕ್ಕೆ ತಾಗುವುದಿಲ್ಲ. ದುಬಾರಿ, ಆದರೆ ಹಬ್ಬಕ್ಕೆ, ಕಾಯಿಲೆ ಕಸಾಲೆಗೆ ಸಾಕು. ಚೀನಾದ ವಿಚಾಟ್ ಆ್ಯಪ್ 2020ರಿಂದ ನಮ್ಮಲ್ಲಿ ನಿಷೇಧದಲ್ಲಿದೆ, ಉಳಿದ ದಿನಗಳಿಗೆ ಆಯಿಗೆ ಮಾಮೂಲಿ ಎಸ್‌ಎಂಎಸ್ ಕಲಿಸಿಕೊಡು. ಅದರಲ್ಲಿ ಬರೆದದ್ದನ್ನು ಬೇರೆಯವರೂ ನೋಡಬಹುದು ಎಂದು ಇಬ್ಬರಿಗೂ ಹೇಳಿಡು. ಊಟ ಆಯ್ತಾ, ಚಳಿ ಇದೆಯಾ ಎನ್ನುವ ಮಾತಿಗೆ ಅಷ್ಟು ಸಾಕಲ್ವಾ. ಸುರಂಗದಲ್ಲಿ ವಿಡಿಯೊ ಕರೆ ಆಗುತ್ತದೆ ಎಂಬ ಆಸೆಯನ್ನು ಆಯಿಗೆ ಹುಟ್ಟಿಸಬೇಡ. ಪ್ಯಾಕೆಟ್ಟುಗಳನ್ನು ಸರದಿ ತಪ್ಪದಂತೆ ತಲುಪಿಸುವ ಟಿಸಿಪಿ ಪದ್ಧತಿಯ ಒಳಗೆ ಹೋಗುವ ಧ್ವನಿಯಲ್ಲಿ ಒಂದು ಪ್ಯಾಕೆಟ್ ತಪ್ಪಿದರೂ ಹಿಂದಿನದೆಲ್ಲ ಅದಕ್ಕೆ ಕಾದು ನಿಲ್ಲುತ್ತದೆ. ಅಲ್ಲಿಂದ ಬರುವ ದನಿ ತುಂಡು ತುಂಡು. ನಮ್ಮ ಹುಡುಗ ಧ್ವನಿ ಸಂದೇಶ ಕಳಿಸುತ್ತಿದ್ದ. ನನ್ನ ತಂಗಿ ಅದನ್ನು ರಾತ್ರಿ ಮಲಗುವ ಮುಂಚೆ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಳು.

ಪ್ರಶ್ನೆ: ಭಾರತದಲ್ಲಿ ಇಂಥ ಸರ್ವರ್ ಇಟ್ಟುಕೊಳ್ಳುವುದು ಅಪರಾಧವೇ? ಮನೆಗೆ ಪೊಲೀಸರು ಬರುತ್ತಾರೆಯೇ?
— ಓದುಗರು, ಅಂಕೋಲಾ

ಉತ್ತರ: ವಿಪಿಎನ್ ಅಥವಾ ಪ್ರಾಕ್ಸಿ ಬಳಸುವುದೇ ಅಪರಾಧ ಎನ್ನುವ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಇಲ್ಲ. ಜಮ್ಮು–ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾಡಳಿತ ಆದೇಶ ಹೊರಡಿಸಿ ಸ್ವಲ್ಪ ಕಾಲ ನಿಷೇಧಿಸಿದ್ದುಂಟು. ಅದರ ಮೂಲಕ ಮಾಡಿದ ಕೆಲಸ ಅಪರಾಧವಾಗಿದ್ದರೆ ಅದು ಅಪರಾಧವೇ. 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿ ಮುಂತಾದ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಅದನ್ನು ಒಪ್ಪದ ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ನಿಮ್ಮ ಮನೆಯವರಿಗೆಂದು ಇಟ್ಟುಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಅಥವಾ ಮಾರುವುದು ಬೇರೆ. ಹಂಚುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

ನಮ್ಮಲ್ಲಿ ಸೈಟುಗಳನ್ನು ತಡೆಯುವುದು ಮುಖ್ಯವಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ, 2009ರ ನಿಯಮಗಳ ಪ್ರಕಾರ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆನ್‌ಲೈನ್ ಬರಹಕ್ಕೆ ಶಿಕ್ಷೆ ಹೇಳುತ್ತಿದ್ದ 66ಎ ಕಲಮನ್ನು ರದ್ದು ಮಾಡಿತು, 69ಎಯನ್ನು ಉಳಿಸಿತು. ಆ ನಿಯಮಗಳಲ್ಲಿ 16ನೆಯದು ತಡೆ ಆದೇಶಗಳನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ತಡೆಯಲು ಕಾರಣ ಇರಬಹುದು. ಆದರೆ ಯಾವುದನ್ನು ತಡೆದಿದ್ದಾರೆ, ಯಾಕೆ ಎಂದು ತಿಳಿಯದಿದ್ದರೆ ತಪ್ಪಾದಾಗ ಯಾರನ್ನು ಕೇಳಬೇಕು ಎಂಬುದೂ ತಿಳಿಯುವುದಿಲ್ಲ.

ಪ್ರಶ್ನೆ: ಮಗ ದುಬೈನಲ್ಲಿದ್ದಾನೆ. ವಾಟ್ಸ್ಆ್ಯಪ್ ಕರೆ ಬರುವುದಿಲ್ಲ, ಸಂದೇಶ ಮಾತ್ರ. ನೀವು ಹೇಳುವ ಸರ್ವರ್ ಅವನಿಗೂ ಮಾಡಿಕೊಡಬಹುದೇ?
— ತಾಯಿ, ಭಟ್ಕಳ

ಉತ್ತರ: ಬೇಡಮ್ಮ. ಅಲ್ಲಿನ ಸೈಬರ್ ಕಾನೂನಿನಲ್ಲಿ ಐಪಿ ವಿಳಾಸ ಮರೆಮಾಚಿ ಅಪರಾಧ ಮಾಡಿದರೆ ಐದು ಲಕ್ಷದಿಂದ ಇಪ್ಪತ್ತು ಲಕ್ಷ ದಿರ್ಹಾಮ್ ದಂಡ, ಜೈಲೂ ಆಗಬಹುದು. ಮನೆಗೆ ಮಾಡುವ ಕರೆ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡುವುದು ಬೇಡ. ಅಲ್ಲಿ ಅನುಮತಿ ಇರುವ ಬೋಟಿಮ್ ಥರದ ಆ್ಯಪ್‌ಗಳಿವೆ. ಅವನು ಹಾಕಿಕೊಂಡದ್ದನ್ನೇ ನೀವೂ ಹಾಕಿಕೊಂಡರೆ ಮುಖ ನೋಡಿ ಮಾತಾಡಬಹುದು. ಈದ್‌ಗೆ ಊರಿಗೆ ಬರುವ ಹುಡುಗರು ಯಾರಾದರೂ ಇದ್ದರೆ ಹಾಕಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಪ್ರಶ್ನೆ: ನಿಮ್ಮ ಅಂಕಣ ತಪ್ಪದೆ ಓದುತ್ತೇನೆ. ಆದರೆ ಸರಕಾರ ಮುಚ್ಚಿದ್ದನ್ನು ತೆರೆಯುವ ಕಳ್ಳದಾರಿಗಳನ್ನು ಮಕ್ಕಳಿಗೆ ಕಲಿಸುವುದು ಸರಿಯೇ?
— ನಿವೃತ್ತ ಶಿಕ್ಷಕರು, ಜೋಯಿಡಾ

ಉತ್ತರ: ಗುರುಗಳೇ, ನೀವು ಜೋಯಿಡಾದವರು. ನಿಮ್ಮ ತಾಲ್ಲೂಕಿನ ಕ್ಯಾಸಲ್‌ರಾಕ್ ಸುತ್ತಲಿನ ಕಾಡನ್ನು ನನಗಿಂತ ಚೆನ್ನಾಗಿ ನೋಡಿದ್ದೀರಿ. ಅಲ್ಲಿಂದ ಕಣಿವೆ ಇಳಿದರೆ ಗೋವಾ. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಕಾಲದ ಗೋವಾದಲ್ಲಿ ಅಧಿಕಾರಿಗಳು ನೋಡಿ ಒಪ್ಪದೆ ಪತ್ರಿಕೆಯಲ್ಲಿ ಸುದ್ದಿ ಅಚ್ಚಾಗುತ್ತಿರಲಿಲ್ಲ. 1955ರ ನವೆಂಬರ್ 25ರಂದು ವಾಮನ ಸರದೇಸಾಯಿ, ಲಿಬಿಯಾ ಲೋಬೊ ಇಬ್ಬರೂ ಗುಪ್ತ ರೇಡಿಯೊ ಶುರು ಮಾಡಿದರು. ಮೊದಲು ಅಂಬೋಲಿ ಘಟ್ಟದ ಕಾಡಿನಿಂದ, ಆಮೇಲೆ ಕ್ಯಾಸಲ್‌ರಾಕ್‌ನಿಂದ. ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ. ಆರು ವರ್ಷ ಕಾಡಿನಲ್ಲೇ ಬದುಕಿದರು. ಗೋವಾದ ಆಗಿನ ಸರಕಾರದ ಕಣ್ಣಿಗೆ ಅದೂ ಕಳ್ಳದಾರಿಯೇ. ಅತ್ತ ಮನೆಯೊಳಗೆ ಸಣ್ಣ ದನಿಯಲ್ಲಿ ರೇಡಿಯೊ ಹಚ್ಚಿ ಕೇಳುತ್ತಿದ್ದವರಿಗೆ ಅದು ಸುದ್ದಿ.

ಎಲ್ಲ ತಡೆಯೂ ಸಲಾಜಾರನ ತಡೆ ಅಲ್ಲ, ಅದು ನನಗೂ ಗೊತ್ತು. ಮಕ್ಕಳಿಗೆ ಹಾನಿ ಮಾಡುವ ಸೈಟುಗಳನ್ನು ಮುಚ್ಚಿದರೆ ನಾನೂ ಸಂತೋಷಪಡುತ್ತೇನೆ. ತರಗತಿಯಲ್ಲಿ ಹುಡುಗರಿಗೆ ಮೊದಲು ಕೇಳುವುದೂ ಯಾರ ಮಾತು, ಯಾರು ತಡೆದರು, ಯಾಕೆ ಎಂದೇ. ಉತ್ತರ ಹೇಳಲಾಗದವನಿಗೆ ಮುಂದಿನ ಪಾಠ ಮಾಡುವುದಿಲ್ಲ. ಶಿರಸಿಯ ಹುಡುಗ ಪತ್ರದಲ್ಲೇ ಅದಕ್ಕೆ ಉತ್ತರ ಬರೆದಿದ್ದ.

1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ಅವರಿಬ್ಬರಿಗೂ ರೇಡಿಯೊ ಬೇಕಾಗಲಿಲ್ಲ. ವಿಮಾನದಲ್ಲಿ ಕೂತು ಗೋವಾದ ಮೇಲೆ ಹಾರಾಡುತ್ತ, ಕರಪತ್ರ ಎಸೆಯುತ್ತ, ಧ್ವನಿವರ್ಧಕದಲ್ಲಿ ಸುದ್ದಿ ಸಾರಿದರು. ಲಿಬಿಯಾ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ಅವರಿಗೆ ನೂರು ವರ್ಷ ಆದಮೇಲೆ.